ಬಿದ್ದ ಜಾಗದ ಪಾಲು

ಪಿಕ್ಕಾಸು ಮುರಕಲ್ಲಿಗೆ ಬಿದ್ದ ಶಬ್ದ ಕೇಳಿದ್ದೇ ತಡ, ಕತ್ರೀನಾಳ ಕೈಯಲ್ಲಿದ್ದ ಸೌಟು ಗಂಜಿಯೊಳಗೆ ಮುಳುಗಿ ಹೋಯ್ತು. ಠಣ್ಣ್. ಸ್ವಲ್ಪ ಹೊತ್ತು ಎಂತ ಇಲ್ಲ. ಮತ್ತೆ ಠಣ್ಣ್. ಅಪ್ಪಚ್ಚ ಗುಡ್ಡೆಯಲ್ಲಿ ಕೇನೆಗಡ್ಡೆ ನೆಡ್ಲಿಕ್ಕೆ ಗುಂಡಿ ತೋಡುದು. ವರ್ಷದಲ್ಲಿ ಈ ಮೂರು ದಿನ ಬಿಟ್ಟು ಯಾವಾಗ ಬೇಕಾದ್ರೂ ತೋಡ್ಬಹುದಿತ್ತು, ಬೇಡ ಅಂತ ಹೇಳುವವರು ಯಾರಿದ್ದಾರೆ? ಕದ್ದು ಕೂತು ಕೆಲಸ ಮಾಡುವ ಪಿಕ್ಕಾಸಾದ್ರೂ ಆಗಿದ್ರೆ ಆಗ್ತಿತ್ತು. ಅವಳಪ್ಪ ಇಡಿಕುಳನ ಪಿಕ್ಕಾಸು ಈ ಕಾಯರಡ್ಕದ ಗುಡ್ಡೆಯಲ್ಲಿ ಬಿದ್ರೆ ಕಡಬದ ಪೇಟೆಯಲ್ಲಿ ಚಾದ ಗ್ಲಾಸು ನಡುಗ್ತದೆ, ಗುತ್ತಿಗಾರಿನ ಆನೆಗಳು ತಿನ್ನುದು ಬಿಟ್ಟು ಕಿವಿ ಎತ್ತುತ್ತವೆ. ಹೀಗೆಲ್ಲ ಜಂಬ ಕೊಚ್ಚಿದ್ದು ಅವಳೇ, ಹೊಳೆಬದಿಯಲ್ಲಿ ಬಟ್ಟೆ ಒಗೆಯುವಾಗ ಶೀಲಾವತಿ ಹತ್ರ. ಈಗ ಒಂದೊಂದು ಪೆಟ್ಟೂ ತನ್ನ ಬೆನ್ನಿಗೇ ಬಿದ್ದ ಹಾಗೆ ಆಗ್ತಾ ಉಂಟು.

ಇವತ್ತು ನಡು ಕೆಡ್ಡಸ. ಈ ಮೂರು ದಿನ ಭೂಮಿ ಹೊರಗೆ ಕೂತದ್ದು ಅಂತ ಲೆಕ್ಕ, ಹೆಂಗಸರು ತಿಂಗಳಿಗೆ ಕೂರುವ ಹಾಗೆ. ಅವಳ ಮೈಗೆ ಯಾರೂ ಹಾರೆ ಹಾಕ್ಲಿಕ್ಕಿಲ್ಲ, ನೇಗಿಲು ಇಳಿಸ್ಲಿಕ್ಕಿಲ್ಲ, ಹಸಿ ಗಿಡ ಕಡೀಲಿಕ್ಕಿಲ್ಲ. ಗಂಡಸರು ಬೇಟೆಗೆ ಹೋಗುದು. ಹೆಂಗಸರು ಅಕ್ಕಿ ಹುರಿದು, ಬೆಲ್ಲ ತೆಂಗಿನಕಾಯಿ ಹಾಕಿ ಪುಡಿ ಮಾಡಿ ತಿನ್ನುದು. ಕಡೆಯ ದಿನ ಅಂಗಳದಲ್ಲಿ ಭೂಮಿಗೆ ಎಣ್ಣೆ ಬಿಟ್ಟು ಸ್ನಾನ ಮಾಡಿಸುದು. ಇದೆಲ್ಲ ಕತ್ರೀನಾಳಿಗೆ ಬಾಯಿಪಾಠ. ಮೊಲೆಹಾಲು ಬಿಡುವ ಮೊದಲೇ ಇಲ್ಲಿಗೆ ಬಂದವಳು ಅವಳು. ತಿರುವಾಂಕೂರಿಂದ ಬರುವಾಗ ಲಾರಿಯ ಒಳಗೆ ಅಮ್ಮಚ್ಚಿಯ ಮಡಿಲಲ್ಲಿ ನಿದ್ದೆ ಮಾಡಿದ್ದು ಬಿಟ್ರೆ ಆ ಊರಿಗೂ ಅವಳಿಗೂ ಎಂತ ಸಂಬಂಧ? ಅಪ್ಪಚ್ಚ ಹೇಳುವ ಪ್ರಕಾರ ಆ ಲಾರಿಯನ್ನು ಘಟ್ಟದ ತಿರುವಿನಲ್ಲಿ ಒಂದು ಹುಲಿ ಕೈ ಅಡ್ಡ ಹಿಡಿದು ನಿಲ್ಲಿಸಿತ್ತಂತೆ, ಒಳಗೆ ಇಣುಕಿ ನೋಡಿತಂತೆ, ಮರಗೆಣಸಿನ ಕಡ್ಡಿ ಬಿಟ್ಟು ತಿನ್ಲಿಕ್ಕೆ ಎಂತದೂ ಇಲ್ಲದ್ದು ಕಂಡು, ಪಾಪದವರು ಹೋಗ್ಲಿ ಅಂತ ಬಿಟ್ಟಿತಂತೆ. ಆಗ ಸೊಳ್ಳೆಗಳು ಪಾತ್ರೆಯ ಮುಚ್ಚಳ ಎತ್ತಿ ಒಳಗೆ ನೋಡ್ತಿದ್ದವಂತೆ. ಅಂಥ ಅಪ್ಪನ ಮಗಳು. ಅದಕ್ಕೇ ಮೊನ್ನೆ ಹೊಳೆಯಲ್ಲಿ ಶೀಲಾವತಿ, “ನಿಮ್ಮ ಮನೆಯಲ್ಲಿ ಕೆಡ್ಡಸ ಎಲ್ಲ ಇಲ್ವಾ ಮಾರಾಯ್ತಿ?” ಅಂತ ಕೇಳಿದಾಗ, ಇಲ್ಲ ಅಂತ ಒಂದು ಸಣ್ಣ ಮಾತು ಹೇಳಿ ಮುಗಿಸ್ಲಿಕ್ಕೆ ಆಗ್ಲಿಲ್ಲ.

“ಇಲ್ಲದೆ ಎಂತ? ಅಪ್ಪಚ್ಚ ಪಿಕ್ಕಾಸಿಗೆ ಗೋಣಿ ಸುತ್ತಿ ಅಟ್ಟಕ್ಕೆ ಹಾಕಿ ಆಯ್ತು. ಅಮ್ಮಚ್ಚಿ ಹೈದರ್ ಬ್ಯಾರಿಯ ಅಂಗಡಿಯಿಂದ ಎಣ್ಣೆ ತಂದಿಟ್ಟಿದ್ದಾರೆ, ಭೂಮಿಗೆ ಬಿಡ್ಲಿಕ್ಕೆ ಅಂತಲೇ ಬೇರೆ ಕುಪ್ಪಿ.”

“ಹೌದಾ! ನನ್ನ ಅಪ್ಪ ನಿಮ್ಮವರಿಗೆ ಎಂತದೂ ಗೊತ್ತಿಲ್ಲ ಅಂತ ಹೇಳಿದ್ರಲ್ಲ?”

“ನಿನ್ನ ಅಪ್ಪನಿಗೆ ಹೇಳು. ನಾವು ಅಲ್ಲಿದ್ದಾಗಲೂ ಮಾಡ್ತಿದ್ದದ್ದೇ.”

ಆ ಕಡೆಯ ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ನಾಚಿಕೆ ಆಗಿತ್ತು. ಅಲ್ಲಿದ್ದಾಗ ಅಂತ ಹೇಳ್ಲಿಕ್ಕೆ ಅವಳು ಅಲ್ಲಿ ಇದ್ದದ್ದು ಎಷ್ಟು? ಇಲ್ಲಿಯವರ ಹಾಗೆ ಆಗ್ಲಿಕ್ಕೆ ಅಲ್ಲಿಯದ್ದನ್ನು ಯಾಕೆ ಎಳೆದು ತಂದದ್ದು? ಒಗೆದ ರವಕೆಯನ್ನೇ ಇನ್ನೊಮ್ಮೆ ಒಗೆದು, ಮತ್ತೊಮ್ಮೆ ಒಗೆದು, ಶೀಲಾವತಿ ಮೇಲೆ ಹೋದ ಮೇಲೆ ಅವಳು ಎದ್ದದ್ದು.

“ಅಮ್ಮಚ್ಚಿ, ಅಪ್ಪಚ್ಚನನ್ನು ಒಮ್ಮೆ ಕೆಳಗೆ ಕರೀರಿ” ಅಂದ್ಲು ಕತ್ರೀನಾ, ಸೌಟಿಗಾಗಿ ಬಿಸಿ ಗಂಜಿಯಲ್ಲಿ ಬೆರಳು ಅದ್ದಿ ಉಫ್ ಉಫ್ ಮಾಡ್ತಾ. ಅಮ್ಮಚ್ಚಿ ಬಿಳಿ ಮುಂಡಿನ ಹಿಂದಿನ ನೆರಿಗೆ ಬೀಸಣಿಗೆಯ ಹಾಗೆ ಹರಡಿಕೊಂಡು ಒಲೆ ಎದುರು ಕೂತಿದ್ರು. ತಿರುಗಿ ಕೂಡ ನೋಡ್ಲಿಲ್ಲ. “ನಾನು ಕರೆದು ಬರುವ ಗಂಡಸಾಗಿದ್ರೆ ನಾವು ಈ ಕಾಡಿಗೆ ಬರ್ತಿದ್ದೇವಾ? ಅಲ್ಲೇ ಇರ್ತಿದ್ದೆವು. ಹೋಗು, ಗಂಜಿ ತಣಿಯುತ್ತದೆ ಅಂತ ಹೇಳು.” ಗಂಜಿಗೆ ಉಪ್ಪು, ಸುಟ್ಟ ಮೆಣಸು, ಅಷ್ಟೇ. ಅಂಬದು ನೋಂಬು ಶುರುವಾಗಿ ಆಯ್ತು. ಈಸ್ಟರ್ ವರೆಗೆ ಐವತ್ತು ದಿನ ಮೀನಿಲ್ಲ, ಮಾಂಸ ಇಲ್ಲ. ಒಣಮೀನಿನ ಮಡಕೆಯನ್ನು ಅಮ್ಮಚ್ಚಿ ಬಟ್ಟೆ ಕಟ್ಟಿ ಮೂಲೆಗೆ ಇಟ್ಟ ಮೇಲೆ ಬೆಕ್ಕು ಕೂಡ ಮನೆ ಬಿಟ್ಟು ಹೋಗಿದೆ.

ಕತ್ರೀನಾ ಗುಡ್ಡೆ ಹತ್ತಿದ್ಲು. ಅಪ್ಪಚ್ಚ ಸೊಂಟದವರೆಗೆ ಗುಂಡಿಯೊಳಗೆ ಇದ್ರು. ಕೇನೆಗೆ ಮೊಳ ಆಳದ ಗುಂಡಿ ಸಾಕು, ಆದ್ರೆ ಅಪ್ಪಚ್ಚನಿಗೆ ಕೈ ಬಿದ್ರೆ ನಿಲ್ಲಿಸಿ ಗೊತ್ತಿಲ್ಲ. ಅವರ ಒಂದೊಂದು ಗುಂಡಿಯಲ್ಲೂ ಒಂದೊಂದು ಹಸು ಮಲಗ್ಬಹುದು. ತೋಡಿ ಹಾಕಿದ ಕೆಂಪು ಮಣ್ಣು ಸಾಲಾಗಿ ರಾಶಿ ಬಿದ್ದಿತ್ತು, ಹೊಸತಾಗಿ, ಹಸಿಯಾಗಿ. ಅದನ್ನು ನೋಡುವಾಗ ಅವಳಿಗೆ ಕಣ್ಣು ಬೇರೆ ಕಡೆ ತಿರುಗಿಸ್ಬೇಕು ಅಂತ ಆಯ್ತು. ಅಪ್ಪಚ್ಚನಿಗೆ ಅದು ಬರೀ ಮಣ್ಣು. ಅವಳಿಗೆ ಹಾಗೆ ಕಾಣ್ತಾ ಇಲ್ಲವಲ್ಲ, ಯಾಕೆ? ಜ್ಞಾನಸ್ನಾನ ಆದವಳು, ಕೊರಳಿಗೆ ಕುರಿಶು ಅಂತ ಶಿಲುಬೆ ಹಾಕಿದವಳು. ಅವಳಿಗೆ ಯಾರೂ ಕೂತು ಕಲಿಸಿದ್ದಲ್ಲ. ಶೀಲಾವತಿಯ ಅಂಗಳದಲ್ಲಿ ಆಟ ಆಡ್ತಾ ಆಡ್ತಾ, ಕಾಲಿಗೆ ಮಣ್ಣು ಹತ್ತಿದ ಹಾಗೆ ಹತ್ತಿದ್ದು.

“ಅಪ್ಪಚ್ಚಾ, ಇವತ್ತು ತೋಡ್ಲಿಕ್ಕಿಲ್ಲ. ಊರಿನವರು ಯಾರೂ ತೋಡುದಿಲ್ಲ. ಭೂಮಿಗೆ ಮುಟ್ಟು.”

ಅಪ್ಪಚ್ಚ ಪಿಕ್ಕಾಸು ಊರಿ ನಿಂತು ನಗಾಡಿದ್ರು. “ಎಡೀ, ಕುಂಭ ತಿಂಗಳು ಹುಟ್ಟುವಾಗ ಗುಂಡಿ ತಯಾರಿರ್ಬೇಕು. ಕುಂಭದಲ್ಲಿ ನೆಟ್ಟ ಕೇನೆ ಕೊಡದಷ್ಟು ದೊಡ್ಡದಾಗ್ತದೆ. ಭೂಮಿಗೆ ರಜೆ ಕೊಡುವ, ಹೊಟ್ಟೆಗೆ ಯಾರು ಕೊಡುದು?”

“ಹೊಟ್ಟೆಗೆ ನೀವೇ ಕೊಟ್ಟಿದ್ದೀರಲ್ಲ. ನೋಂಬಿನಲ್ಲಿ ಮೀನು ತಿಂತೀರಾ?”

“ಅದು ದೇವರಿಗೆ.”

“ಇದು?”

ಅಪ್ಪಚ್ಚ ಗುಂಡಿಯಿಂದ ಹತ್ತಿ ಗಂಜಿ ಕುಡಿಲಿಕ್ಕೆ ಹೊರಟ್ರು. ಪಿಕ್ಕಾಸನ್ನು ಹೆಗಲಿಗೆ ಹಾಕಿ ಇಳಿಯುವಾಗ ಹಿಂದೆ ತಿರುಗಿ, “ನಮಗೆ ಯಾರೂ ಹೇಳ್ಲಿಲ್ಲ ಅಲ್ವಾ? ಹೇಳದೆ ಹೇಗೆ ಗೊತ್ತಾಗುದು?” ಅಂತ ಕೇಳಿದ್ರು. ಆ ಮಾತು ಕತ್ರೀನಾಳಿಗೆ ಪಿಕ್ಕಾಸಿಗಿಂತ ಜೋರಾಗಿ ಬಡೀತು. ನಿನ್ನೆ ಹೇಳ್ಬಹುದಿತ್ತು, ಮೊನ್ನೆ ಹೇಳ್ಬಹುದಿತ್ತು. ಊರಿಡೀ ಕೆಡ್ಡಸ ಬಂತು ಅಂತ ಕೂಗಿಕೊಂಡು ಬಂದ ಮಾಯಿಲಪ್ಪ ಇವರ ಗೇಟಿನ ಹತ್ರ ಬರುವಾಗ ಮಾತ್ರ ಬಾಯಿ ಮುಚ್ಚಿ, ಆಚೆ ದಾಟಿ ಮತ್ತೆ ಕೂಗ್ಲಿಕ್ಕೆ ಶುರು ಮಾಡಿದ್ದ. ಅದನ್ನು ಅವಳು ಜಗಲಿಯಲ್ಲಿ ನಿಂತು ನೋಡಿದ್ಲು. ಈ ಮನೆಯವರಿಗೆ ಬೇಡ ಅಂತ ಅವನು ಬಿಟ್ಟದ್ದು ಕೆಟ್ಟ ಮನಸ್ಸಿನಿಂದ ಏನಲ್ಲ, ಇಗರ್ಜಿಯವರಿಗೆ ಯಾಕೆ ಉಪದ್ರ ಅಂತ. ಆದ್ರೂ ಆ ನಾಲ್ಕು ಹೆಜ್ಜೆಯ ಮೌನ ಅವಳ ಕಿವಿಯಲ್ಲಿ ಕೂತು ಬಿಟ್ಟಿತ್ತು, ಹೋದ ವರ್ಷದ ಮೊಲದ ಹಾಗೆ.

ಮೊಲದ ಕಥೆ ಎಂತ ಅಂದ್ರೆ, ಇಲ್ಲಿ ಬೇಟೆಯಲ್ಲಿ ಬಿದ್ದ ಪ್ರಾಣಿಯ ಪಾಲು ಮಾಡುವಾಗ ಕೋವಿಗೆ ಒಂದು, ನಾಯಿಗೆ ಒಂದು, ಕಾಡು ಸೋವಿ ಪ್ರಾಣಿ ಎಬ್ಬಿಸಿದವರಿಗೆಲ್ಲ ಸಮ, ಮತ್ತೆ ಪ್ರಾಣಿ ಬಿದ್ದ ಜಾಗಕ್ಕೆ ಒಂದು. ಆ ಜಾಗದ ಪಾಲು ಎಂತ ದೊಡ್ಡದಲ್ಲ, ಪಕ್ಕೆಲುಬಿನ ಒಂದು ತುಂಡು. ಆದ್ರೆ ಅದನ್ನು ಕೊಡುವ ಮೊದಲು ಹಿರಿಯರು ಜಾಗದ ಹೆಸರು ಹಿಡಿದು, ಇದಕ್ಕೆ ಜನ ಯಾರುಂಟು ಅಂತ ಕೇಳ್ತಾರೆ. ಜನ ಇದ್ದವರು, ನಾವಿದ್ದೇವೆ ಅಂತ ಹೇಳ್ಬೇಕು. ಹೋದ ವರ್ಷ ಕಾಯರಡ್ಕದ ಬದಿಯಲ್ಲಿ ಒಂದು ಮೊಲ ಬಿದ್ದಿತ್ತು. ಪಾಲು ಹೋದದ್ದು ಎಲ್ಲಿಗೆ? ಪುತ್ತೂರಿನ ದರ್ಬೆಗೆ. ಕಾಯರಡ್ಕವನ್ನು ಅಪ್ಪಚ್ಚನಿಗೆ ಮಾರಿ ದರ್ಬೆಯಲ್ಲಿ ಅಂಗಡಿ ಇಟ್ಟವರ ಮೊಮ್ಮಗ ಕೂಸಪ್ಪ, ಅವನಿಗೆ. ಮೊಲದ ಪಕ್ಕೆ ಬಸ್ಸಿನಲ್ಲಿ ಸೀಟು ಹಿಡಿದು ಕೂತು ಹೋಯ್ತು, ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಹರಿದ ಅಂತ ಕತ್ರೀನಾ ಹೇಳಿ ಎಲ್ಲರನ್ನೂ ನಗಿಸಿದ್ಲು. ನಗಿಸಿ ಮನೆಗೆ ಬಂದು ಕೊಟ್ಟಿಗೆಯ ಹಿಂದೆ ಸುಮ್ಮನೆ ನಿಂತಿದ್ಲು. ಮಾಂಸದ ಆಸೆಗಲ್ಲ. ಬೆಳಿಗ್ಗೆ ಕಣ್ಣು ಬಿಟ್ಟು ಮೊದಲು ನೋಡುದು ಈ ಗುಡ್ಡೆಯನ್ನು, ಇದರ ಒಂದೊಂದು ಕಲ್ಲಿಗೂ ಅವಳು ಹೆಸರು ಇಟ್ಟಿದ್ದಾಳೆ. ಆದ್ರೆ ಇದಕ್ಕೆ ಜನ ಯಾರು ಅಂತ ಕೇಳಿದ್ರೆ ದರ್ಬೆಗೆ ಹೋಗುವ ಬಸ್ಸು.

ಅಷ್ಟರಲ್ಲಿ ಮೇಲಿನ ಕಾಡಿನಿಂದ ಹೋಯ್ ಅಂತ ಒಂದು ಕೂಗು ಎದ್ದಿತು. ಬೇಟೆಯವರು ಇದೇ ಗುಡ್ಡೆಗೆ ಇಳಿಯುದು. ನಾಯಿಗಳ ಬೊಬ್ಬೆ ಹತ್ರ ಹತ್ರ ಬರ್ತಾ ಉಂಟು. ಕತ್ರೀನಾ ಗುಂಡಿಗಳ ಸಾಲು ನೋಡಿದ್ಲು, ಕೂಗಿನ ದಿಕ್ಕು ನೋಡಿದ್ಲು. ಇನ್ನು ಸ್ವಲ್ಪ ಹೊತ್ತಿನಲ್ಲಿ ಇಡೀ ಊರು ಇಲ್ಲಿ ನಿಂತು ನೋಡ್ತದೆ. ಅಟ್ಟಕ್ಕೆ ಕಟ್ಟಿದ ಪಿಕ್ಕಾಸು, ಬೇರೆ ಕುಪ್ಪಿಯ ಎಣ್ಣೆ. ಅವಳು ಬಿದ್ದ ತೆಂಗಿನ ಮಡಲುಗಳನ್ನು ಎಳೆದು ತಂದು ಗುಂಡಿಗಳ ಮೇಲೆ ಅಡ್ಡ ಹಾಕ್ಲಿಕ್ಕೆ ಶುರು ಮಾಡಿದ್ಲು. ಮಡಲಿನ ಮೇಲೆ ತರಗೆಲೆ, ತರಗೆಲೆಯ ಮೇಲೆ ಹುಲ್ಲು. ಹಸಿ ಸೊಪ್ಪು ಕಡಿದ್ರೆ ಬೇಗ ಆಗ್ತಿತ್ತು, ಆದ್ರೆ ಇವತ್ತು ಹಸಿ ಕಡೀಲಿಕ್ಕಿಲ್ಲವಲ್ಲ. ಒಂದು ತಪ್ಪು ಮುಚ್ಚುವ ಗಡಿಬಿಡಿಯಲ್ಲೂ ಕೈ ತನ್ನಷ್ಟಕ್ಕೇ ಒಣಗಿದ್ದನ್ನು ಮಾತ್ರ ಹೆಕ್ಕುತ್ತಾ ಇತ್ತು. ಅದು ಅವಳಿಗೆ ಆಗ ಗೊತ್ತಾಗ್ಲಿಲ್ಲ. ಗೊತ್ತಾದದ್ದು ಮೊಣಕಾಲು ತರಚಿದ್ದು, ಉಸಿರು ಮೇಲೆ ಹತ್ತಿದ್ದು, ಮತ್ತೆ ಯಾಕೋ ದೊಡ್ಡಮ್ಮನ ಮನೆಯ ಜಗಲಿ. ಅಲ್ಲಿ ಒಂದು ಮದುವೆ ಅಂತ ತಿರುವಾಂಕೂರಿಗೆ ಹೋದದ್ದು ಒಂದೇ ಸಲ. ಅಲ್ಲಿ ಹೆಂಗಸರೆಲ್ಲ ಅವಳನ್ನು ನಡುವೆ ಕೂರಿಸಿ, ಮಾತಾಡು ಮಾತಾಡು ಅಂತ ಮಾತಾಡಿಸಿ, ಅವಳು ಬಾಯಿ ತೆರೆದಾಗಲೆಲ್ಲ ಸೆರಗು ಬಾಯಿಗೆ ಇಟ್ಟು ನಕ್ಕಿದ್ರು. ತುಳುನಾಡಿನವಳು ಬಂದ್ಲು, ನಮ್ಮ ಮಾತಿಗೆ ಕಲ್ಲು ಕಟ್ಟಿ ಮಾತಾಡ್ತಾಳೆ ಅಂತ. ದೊಡ್ಡಮ್ಮ ಅವಳಿಗೆ ಮುಂಡು ಉಡಿಸಿ ಹಿಂದಿನ ನೆರಿಗೆ ಎಳೆದು, ಇದು ನಿಲ್ಲುದಿಲ್ಲ, ಇವಳ ಸೊಂಟ ನಮ್ಮ ಕಡೆಯದ್ದಲ್ಲ ಅಂತ ತೀರ್ಮಾನ ಕೊಟ್ಟಿದ್ರು. ಸೊಂಟಕ್ಕೂ ರಾಜ್ಯ ಉಂಟು ಅಂತ ಕತ್ರೀನಾಳಿಗೆ ಗೊತ್ತಾದದ್ದು ಆವತ್ತು. ಹೊರಗೆ ಹೋಗಿ ಅಳುವ ಅಂತ ನೋಡಿದ್ರೆ ಅಳ್ಲಿಕ್ಕೆ ಒಂದು ಗುರ್ತದ ಮರ ಇರ್ಲಿಲ್ಲ. ಎರಡೇ ದಿನಕ್ಕೆ, ಮನೆಗೆ ಹೋಗುವ ಅಮ್ಮಚ್ಚಿ ಅಂತ ಅವಳು ಹಠ ಹಿಡಿದ್ಲು. ಮನೆಗೇ ಬಂದದ್ದಲ್ವಾ ಅಂತ ಅಮ್ಮಚ್ಚಿ ಹೇಳಿದ್ರು. ಆ ಮೇಲೆ ಯಾರು ಯಾವ ಊರಿನವಳು ಅಂತ ಕೇಳಿದ್ರೂ ಅವಳು ಹುಲಿಯ ಕಥೆ ಹೇಳಿ ತಪ್ಪಿಸಿಕೊಳ್ಳುದು.

ರಾಜ್ಯ ರಾಜ್ಯಕ್ಕೆ ಗೆರೆ ಎಳೆಯುವವರಿಗೆ ಎಂತ, ದೊಡ್ಡವರು. ಮೊನ್ನೆ ಮೊನ್ನೆ ಮದ್ರಾಸು ಅಂತ ಇದ್ದದ್ದು ಒಂದು ಬೆಳಿಗ್ಗೆ ಏಳುವಾಗ ಮೈಸೂರು ಆಗಿತ್ತು. ಶೀಲಾವತಿಯ ಅಪ್ಪ ಕುಕ್ಕಪ್ಪ ಗೌಡ್ರು ಕೂಡ ಚಾಪೆಯಿಂದ ಏಳದೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದ್ರು, ಎಮ್ಮೆ ಸಮೇತ. ಶೀಲಾವತಿಯ ಅಜ್ಜಿ ತಂಬಾಕು ತಿನ್ನುತ್ತಾ ಹೇಳುದು ಕೇಳ್ಬೇಕು, ನಾವು ಐಗೂರಿನಿಂದ ಘಟ್ಟ ಇಳಿದು ಬಂದವರು ಮಗಾ, ಎಷ್ಟು ತಲೆಮಾರು ಆಯ್ತೋ ದೇವರಿಗೇ ಗೊತ್ತು ಅಂತ. ಆಗೆಲ್ಲ ಕತ್ರೀನಾಳಿಗೆ, ಹಾಗಾದ್ರೆ ನೀವು ಲಾರಿ ಇಲ್ಲದ ಕಾಲದಲ್ಲಿ ಬಂದದ್ದು, ನಾವು ಲಾರಿ ಬಂದ ಮೇಲೆ ಬಂದದ್ದು, ಅಷ್ಟೇ ಅಲ್ವಾ ಅಜ್ಜಿ ಅಂತ ಕೇಳ್ಬೇಕು ಅಂತ ಆಗುದು. ಕೇಳಿದ್ದಿಲ್ಲ.

ಕಡೆಯ ಗುಂಡಿಗೆ ಮಡಲು ಹಾಕಿ ಅವಳು ಕಾಯರ್ ಮರದ ಹಿಂದೆ ನಿಲ್ಲುವುದಕ್ಕೂ ಪೊದೆ ಒಡೆಯುವುದಕ್ಕೂ ಸರಿಹೋಯ್ತು. ಬಂದದ್ದು ಎಂತ ಹಂದಿ! ಬೆನ್ನ ಮೇಲೆ ಹುಲ್ಲು ಬೆಳೆದಿತ್ತು, ಕೋರೆಹಲ್ಲು ಎಮ್ಮೆಯ ಕೊಂಬಿನ ಹಾಗೆ ಸುತ್ತು ಹಾಕಿತ್ತು, ಅದು ಓಡುವ ಗಾಳಿಗೆ ಕತ್ರೀನಾಳ ಸೆರಗು ಹಾರಿ ಮರಕ್ಕೆ ಸಿಕ್ಕಿಕೊಂಡಿತು. ಹಿಂದಿನಿಂದ ಕೂಸಪ್ಪನ ಕೋವಿ ಢಮ್ ಅಂತು. ಗುಂಡು ಹೋದದ್ದು ಎಲ್ಲಿಗೆ ಅಂತ ಇವತ್ತಿನ ವರೆಗೆ ಗೊತ್ತಿಲ್ಲ, ಬಹುಶಃ ಇನ್ನೂ ಹೋಗ್ತಾ ಇರ್ಬೇಕು. ಹಂದಿ ಸೀದಾ ಇಳಿದು ಹೊಳೆ ದಾಟಿದ್ರೆ ಮುಗೀತಿತ್ತು. ಆದ್ರೆ ಅದು ಕತ್ರೀನಾ ಚೆಂದ ಮಾಡಿ ಮುಚ್ಚಿದ ಗುಂಡಿಯ ಮೇಲೆ ಕಾಲಿಟ್ಟಿತು. ಮಡಲು ಲಟಕ್ಕ. ಇಡೀ ಹಂದಿ ಒಳಗೆ, ಬಾಲ ಮಾತ್ರ ಮೇಲೆ. ಏಳುವಷ್ಟರಲ್ಲಿ ಕುಕ್ಕಪ್ಪ ಗೌಡ್ರು ಓಡಿ ಬಂದು ಹತ್ತಿರದಿಂದ ಕೇಪಿನ ಕೋವಿ ಬಿಟ್ರು.

ಹೊಗೆ ಇಳಿದ ಮೇಲೆ ಎಲ್ಲರೂ ಗುಂಡಿಯ ಸುತ್ತ ನಿಂತ್ರು. ಮೊದಲು ಹಂದಿ ನೋಡಿದ್ರು. ಆಮೇಲೆ ಗುಂಡಿ ನೋಡಿದ್ರು. ಆಮೇಲೆ ಯಾರೋ ಪಕ್ಕದ ಮಡಲನ್ನು ಕಾಲಿನಿಂದ ಸರಿಸಿದ್ರು, ಅಲ್ಲಿ ಇನ್ನೊಂದು. ಅದರಾಚೆ ಇನ್ನೊಂದು. ಕೆಂಪು ಮಣ್ಣು ಬಿಸಿಲಿಗೆ ಹೊಳೀತಾ ಇತ್ತು. ಕತ್ರೀನಾಳಿಗೆ ಮರದ ಹಿಂದೆಯೇ ಮರ ಆಗಿ ಬಿಡುವ ಅಂತ ಆಯ್ತು. ಕೋವಿಯ ಶಬ್ದಕ್ಕೆ ಅಪ್ಪಚ್ಚನೂ ಮೇಲೆ ಓಡಿ ಬಂದ್ರು, ಮೀಸೆಯಲ್ಲಿ ಗಂಜಿ, ಹೆಗಲಲ್ಲಿ ಅದೇ ಪಿಕ್ಕಾಸು. ಬಂದವರೇ ಹಂದಿ ನೋಡಿ ಖುಷಿಯಲ್ಲಿ, “ಓ! ನಮ್ಮ ಗುಂಡಿಯಲ್ಲಿ! ನಾನು ತೋಡಿದ್ದು, ಇವತ್ತು ಬೆಳಿಗ್ಗೆ!” ಅಂತ ತಮ್ಮ ಹರಕು ತುಳುವಿನಲ್ಲಿ ಎಲ್ಲರಿಗೂ ಹೇಳಿದ್ರು. ಯಾರೂ ನಗ್ಲಿಲ್ಲ.

ಕುಕ್ಕಪ್ಪ ಗೌಡ್ರು ಮುಟ್ಟಾಳೆ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ್ರು. ಮರದ ಕಡೆ ತಿರುಗಿ ಮೆಲ್ಲ ಹೇಳಿದ್ರು: “ಕತ್ರೀನಾ, ಬಾ ಈಚೆ. ಪಿಕ್ಕಾಸು ಅಟ್ಟಕ್ಕೆ ಕಟ್ಟಿ ಆಗಿದೆ ಅಂತ ನಮ್ಮ ಶೀಲು ಹೇಳಿದ್ಲು. ಎಣ್ಣೆಯೂ ತಂದಿದ್ದೀರಂತೆ.”

ಅವಳು ಈಚೆ ಬಂದ್ಲು. ಹೇಳ್ಲಿಕ್ಕೆ ಒಂದಲ್ಲ ಹತ್ತು ಕಥೆ ಬಾಯಿಗೆ ಬಂದವು. ಅಟ್ಟಕ್ಕೆ ಗೆದ್ದಲು ಹಿಡಿದು ಪಿಕ್ಕಾಸು ಕೆಳಗೆ ಬಿತ್ತು, ಗುಂಡಿ ತೋಡಿದ್ದು ಹಂದಿಯೇ, ಕನಸಿನಲ್ಲಿ ಇಗರ್ಜಿಯ ಸಂತ ಬಂದು ಹೇಳಿದ್ದು. ಒಂದೊಂದೂ ಚೆಂದ ಇತ್ತು. ಅವರ ಕಣ್ಣು ನೋಡಿದ್ಲು, ಒಂದೂ ಹೊರಗೆ ಬರ್ಲಿಲ್ಲ.

“ಸುಳ್ಳು ಹೇಳಿದ್ದು ಗೌಡ್ರೆ.”

“ಹೂಂ” ಅಂದ್ರು ಗೌಡ್ರು. ಅಷ್ಟೇ. ಬೈದಿದ್ರೆ ಸುಲಭ ಆಗ್ತಿತ್ತು.

ಹಂದಿಯನ್ನು ಮೇಲೆತ್ತಿ, ಸುಟ್ಟು, ಅಲ್ಲೇ ಮಾಯಿಲಪ್ಪ ಅಡಿಕೆ ಹಾಳೆಗಳ ಮೇಲೆ ಪಾಲು ಹಾಕಿದ. ಹೆಂಗಸರು ಪಾಲಿನ ಹತ್ರ ನಿಲ್ಲುವ ಕ್ರಮ ಇಲ್ಲ. ಮನೆಗೆ ಹೋಗ್ಬೇಕು ಅಂತ ಅವಳ ತಲೆ ಹೇಳ್ತಾ ಇತ್ತು, ಕಾಲು ಒಪ್ಪಲಿಲ್ಲ. ಕೋವಿಯ ಪಾಲು ಗೌಡ್ರಿಗೆ. ನಾಯಿಯ ಪಾಲು ನಾಯಿ ತಂದವರಿಗೆ. ಕಡೆಗೆ ಪಕ್ಕೆಯ ಒಂದು ತುಂಡು ಬೇರೆ ಹಾಳೆಯಲ್ಲಿ ಉಳೀತು, ಅದರ ಮೇಲೆ ನೊಣ ಕೂರದ ಹಾಗೆ ಮಾಯಿಲಪ್ಪ ಕೈ ಆಡಿಸ್ತಾ ಇದ್ದ. ಕುಕ್ಕಪ್ಪ ಗೌಡ್ರು ಗಂಟಲು ಸರಿ ಮಾಡಿಕೊಂಡ್ರು.

“ಕಾಯರಡ್ಕದಲ್ಲಿ ಬಿದ್ದದ್ದು. ಕಾಯರಡ್ಕಕ್ಕೆ ಜನ ಯಾರುಂಟು?”

ಅಪ್ಪಚ್ಚನಿಗೆ ಅದು ತನ್ನನ್ನು ಕೇಳಿದ್ದು ಅಂತಲೂ ಗೊತ್ತಿಲ್ಲ, ಹಂದಿಯ ಕೋರೆ ಮುಟ್ಟಿ ನೋಡ್ತಾ ಇದ್ರು. ಕೂಸಪ್ಪ ಮುಂದೆ ಬಂದ. ದರ್ಬೆಯ ಇಸ್ತ್ರಿ ಶರ್ಟು, ಗುಂಡು ತಪ್ಪಿದ ಮುಖ. “ಯಾರು ಅಂತ ಕೇಳುದೆಂತ ಮಾವ? ನನ್ನ ಅಜ್ಜ ಕಾಡು ಕಡಿದು ಮಾಡಿದ ಜಾಗ.”

“ಮಾರಿ ಆಯ್ತಲ್ಲ ಕೂಸಪ್ಪಣ್ಣ” ಅಂದ ಮಾಯಿಲಪ್ಪ, ನೊಣ ಓಡಿಸ್ತಾ.

“ಮಾರಿದ್ದು ಮಣ್ಣು. ಜನ ನಾವೇ. ಈ ಕೊಚ್ಚಿಯವರು ಜನ ಆಗುದಾ? ಇವರಿಗೆ ಈಗ ಕೇರಳ ಅಂತ ಬೇರೆಯೇ ಮಾಡಿ ಕೊಟ್ಟಾಗಿದೆ, ಹೋಗಿ ಅಲ್ಲಿ ತೋಡ್ಲಿ. ನಡು ಕೆಡ್ಡಸದ ದಿನ ಭೂಮಿಗೆ ಪಿಕ್ಕಾಸು ಹಾಕಿದ್ದಾರಲ್ಲ, ಮಾನ ಮರ್ಯಾದೆ ಉಂಟಾ? ಪಾಲು ಕೊಡುದಲ್ಲ ಮಾವ, ದಂಡ ಹಾಕಿ ತಪ್ಪು ಕಟ್ಟಿಸ್ಬೇಕು ಇವರಿಂದ. ಊರಿನ ಎದುರು ಕಟ್ಟಿಸ್ಬೇಕು.”

ಯಾರೋ ಹೌದು ಹೌದು ಅಂದ್ರು. ಕತ್ರೀನಾಳ ಮುಖ ಬಿಸಿ ಆಯ್ತು, ಕಿವಿಯಲ್ಲಿ ಹೊಳೆ ಹರಿದ ಹಾಗೆ. ಕಾಯರಡ್ಕದ ಗುಡ್ಡೆಯೋ, ದೊಡ್ಡಮ್ಮನ ಜಗಲಿಯೋ, ಎಲ್ಲಿ ನಿಂತದ್ದು ಅಂತಲೇ ಒಂದು ಗಳಿಗೆ ತಿಳಿಯದೆ ಹೋಯ್ತು. ಆ ಬಿಸಿಯ ನಡುವೆ ಒಂದು ಮಾತು ಮಾತ್ರ ತಣ್ಣಗೆ ಕೂತಿತ್ತು. ತಪ್ಪು ಕಟ್ಟಿಸ್ಬೇಕು. ತಪ್ಪು. ಅದನ್ನು ಅವಳು ತಿರುಗಿಸಿ ನೋಡಿದ್ಲು, ಸಂತೆಯಲ್ಲಿ ಕುಂಬಳಕಾಯಿ ತಿರುಗಿಸಿ ನೋಡುವ ಹಾಗೆ. ನೋಡ್ತಾ ನೋಡ್ತಾ ಅವಳಿಗೆ ನಗು ಬಂತು.

“ಕಟ್ತೇವೆ” ಅಂದ್ಲು.

ಎಲ್ಲರೂ ತಿರುಗಿದ್ರು. ಅವಳು ಮಾತಾಡಿದ್ದು ಇಲ್ಲಿಯ ತುಳುವಿನಲ್ಲಿ, ಕೂಸಪ್ಪನದಕ್ಕಿಂತ ಗಟ್ಟಿ ತುಳುವಿನಲ್ಲಿ. ಅವನದ್ದು ಪೇಟೆಯಲ್ಲಿ ತೆಳ್ಳಗಾಗಿತ್ತು.

“ಕಟ್ತೇವೆ ಕೂಸಪ್ಪಣ್ಣ, ಯಾರು ಬೇಡ ಅಂದದ್ದು? ಆದ್ರೆ ಒಂದು ಕೇಳ್ತೇನೆ. ಸಂಪಾಜೆ ರಸ್ತೆಯಲ್ಲಿ ಮಡಿಕೇರಿಗೆ ಹೋಗುವ ಲಾರಿ ಇವತ್ತು ಹೂತು ಹೋಯ್ತು ಅಂತ ಇಟ್ಟುಕೊಳ್ಳಿ. ಡ್ರೈವರ್ ಇಳಿದು ಟಯರಿನ ಅಡಿಯ ಮಣ್ಣು ತೋಡ್ತಾನೆ. ಅವನಿಂದ ತಪ್ಪು ಕಟ್ಟಿಸ್ತೀರಾ?”

“ಅವನಿಂದ ಯಾಕೆ? ಅವನು ದಾರಿಯಲ್ಲಿ ಹೋಗುವವ. ಅವನಿಗೆ ಕೆಡ್ಡಸ ಎಂತ ಗೊತ್ತುಂಟು?”

“ಹಾಗಾದ್ರೆ ನಮ್ಮಿಂದ ಯಾಕೆ?”

ಕೂಸಪ್ಪ ಬಾಯಿ ತೆರೆದ. ಬಾಯಿ ತೆರೆದೇ ಉಳೀತು. ಹಂದಿಯ ಮೇಲಿನ ನೊಣ ಒಂದು ಅಲ್ಲಿಂದ ಎದ್ದು ಅದರೊಳಗೆ ಹೋಗುವ ಆಲೋಚನೆ ಮಾಡಿತು. “ನೀವು... ನೀವು ಇಲ್ಲಿ ಇರುವವರು, ನಿಮಗೆ ಗೊತ್ತಿರ್ಬೇಡ್ವಾ?” ಅಂದ ಕಡೆಗೆ.

“ಅದನ್ನೇ ನಾನೂ ಹೇಳುದು. ಇಲ್ಲಿಯವರಲ್ಲ ಅಂತಾದ್ರೆ ನಮಗೆ ತಪ್ಪಿಲ್ಲ. ತಪ್ಪು ಉಂಟು ಅಂತಾದ್ರೆ,” ಅವಳು ಕುಕ್ಕಪ್ಪ ಗೌಡ್ರ ಕಡೆ ತಿರುಗಿದ್ಲು, “ಕಾಯರಡ್ಕಕ್ಕೆ ನಾವಿದ್ದೇವೆ ಗೌಡ್ರೆ. ತಪ್ಪೂ ನಮ್ಮದು, ಪಾಲೂ ನಮ್ಮದು. ಒಂದನ್ನು ಬಿಟ್ಟು ಒಂದು ಆಗ್ಲಿಕ್ಕಿಲ್ಲ.”

ಕುಕ್ಕಪ್ಪ ಗೌಡ್ರಿಗೆ ನಗು ಹೊಟ್ಟೆಯಿಂದ ಶುರುವಾದದ್ದು. ಹೆಗಲಿಗೆ ಬಂತು, ಮುಟ್ಟಾಳೆಗೆ ಬಂತು, ಮತ್ತೆ ಗುಡ್ಡೆಗೆಲ್ಲ ಬಂತು. “ಕೂಸಪ್ಪಾ, ಗುಂಡಿಗೆ ಬಿದ್ದದ್ದು ಹಂದಿ ಒಂದೇ ಅಲ್ಲ ಮಾರಾಯಾ! ಏ ಮಾಯಿಲಪ್ಪ, ಕೊಡು ಅದನ್ನು.” ಮಾಯಿಲಪ್ಪ ಹಾಳೆ ಎತ್ತಿ ಅಪ್ಪಚ್ಚನ ಎದುರು ಹಿಡಿದ. ಕೂಸಪ್ಪ, “ನೀವು ಹೇಳಿದ ಮೇಲೆ ನಂದೆಂತ” ಅಂತ ಗೊಣಗಿ ಕೋವಿ ಒರೆಸ್ಲಿಕ್ಕೆ ಕೂತ.

ಅಪ್ಪಚ್ಚ ಮಾಂಸ ನೋಡಿದ್ರು, ಒಂದು ಹೆಜ್ಜೆ ಹಿಂದೆ ಹೋದ್ರು, ಎರಡೂ ಕೈ ಅಡ್ಡ ಆಡಿಸಿದ್ರು. “ಬೇಡ, ಬೇಡ.”

ಗುಡ್ಡೆಯ ನಗು ಪಕ್ಕನೆ ನಿಂತಿತು. ಮಾಯಿಲಪ್ಪನ ಕೈ ಗಾಳಿಯಲ್ಲೇ ಉಳೀತು. ಕತ್ರೀನಾಳಿಗೆ ತಲೆ ಚಚ್ಚಿಕೊಳ್ಳುವ ಅಂತ ಆಯ್ತು. ಇಷ್ಟು ಹೊತ್ತು ಹಗ್ಗದ ಮೇಲೆ ನಡೆದು ಈಚೆ ದಡಕ್ಕೆ ಕಾಲಿಡುವಾಗ ಅಪ್ಪಚ್ಚ ದಡವನ್ನೇ ಎಳೆದು ಬಿಟ್ರಲ್ಲ. ಗೌಡ್ರ ಹುಬ್ಬು ಹತ್ತಿರ ಬಂತು. “ನಮ್ಮ ಕೈಯಿಂದ ತಕೊಳ್ಳುದಿಲ್ವಾ?”

“ಹಾಗಲ್ಲ ಗೌಡ್ರೆ” ಅಂದ್ಲು ಕತ್ರೀನಾ, “ನೋಂಬು. ಈಸ್ಟರ್ ವರೆಗೆ ನಾವು ಮಾಂಸ ಮೀನು ಮುಟ್ಟುದಿಲ್ಲ.”

“ಈಸ್ಟರ್ ಅಂದ್ರೆ ಯಾವಾಗ?”

“ಐವತ್ತು ದಿನ ಉಂಟು.”

“ಐವತ್ತಾ!” ಗೌಡ್ರು ಅಪ್ಪಚ್ಚನನ್ನು ಮೇಲಿಂದ ಕೆಳಗೆ ನೋಡಿದ್ರು, ಮೊದಲ ಸಲ ನೋಡಿದ ಹಾಗೆ. “ನಾವು ಭೂಮಿಗೆ ಮೂರು ದಿನ ಬಿಡ್ಲಿಕ್ಕೆ ಇಷ್ಟು ಗೌಜಿ ಮಾಡ್ತೇವೆ. ಇವ ಹೊಟ್ಟೆಗೆ ಐವತ್ತು ದಿನದ ಕೆಡ್ಡಸ ಹಾಕಿಕೊಂಡು ಪಿಕ್ಕಾಸು ಹಿಡಿದದ್ದಾ? ಗಂಡಸು ಮಾರಾಯಾ ನೀನು! ನಮಗೆ ಯಾರೂ ಹೇಳ್ಲಿಲ್ಲವಲ್ಲ ಇದನ್ನು.”

“ನಮಗೂ ಯಾರೂ ಹೇಳ್ಲಿಲ್ಲ” ಅಂದ್ರು ಅಪ್ಪಚ್ಚ. ಅವರಿಗೆ ಅಷ್ಟು ಅರ್ಥ ಆಗಿತ್ತು. ಮಾಯಿಲಪ್ಪ ಹಾಳೆ ಹಿಡಿದುಕೊಂಡೇ ನೆಲ ನೋಡಿದ.

ಕತ್ರೀನಾ ಮುಂದೆ ಹೋಗಿ ಎರಡೂ ಕೈಯಲ್ಲಿ ಹಾಳೆ ತಕೊಂಡ್ಲು. ತೂಕ ಇತ್ತು. ಕೆಳಗಿನಿಂದ ಬೆಚ್ಚಗೆ ಇತ್ತು. “ಉಪ್ಪು ಅರಸಿನ ಹಾಕಿ ಹೊಗೆಗೆ ಕಟ್ತೇವೆ. ಈಸ್ಟರಿಗೆ ತಿಂತೇವೆ” ಅಂದ್ಲು. ಗೌಡ್ರು ತಲೆದೂಗಿದ್ರು. ಪಾಲು ತಕೊಂಡವರೆಲ್ಲ ಇಳೀಲಿಕ್ಕೆ ಶುರು ಮಾಡಿದ್ರು. ಗೌಡ್ರು ಎರಡು ಹೆಜ್ಜೆ ಹೋದವರು ನಿಂತು, ಕೋವಿಯ ತುದಿಯಿಂದ ಗುಂಡಿಗಳ ಸಾಲು ತೋರಿಸಿದ್ರು. “ತಪ್ಪಿನ ಮಾತು ಉಳೀತು. ಬರುವ ವರ್ಷ ನಡು ಕೆಡ್ಡಸಕ್ಕೆ ಬೇಟೆಯವರಿಗೆ ಗಂಜಿ ಕಾಯರಡ್ಕದ್ದು. ಇಡೀ ಊರಿಗೆ. ನಾಯಿ ಸಮೇತ.”

“ಆಯ್ತು” ಅಂದ್ಲು ಕತ್ರೀನಾ. ಬರುವ ವರ್ಷ. ದಾರಿಯಲ್ಲಿ ಹೋಗುವವರಿಗೆ ಯಾರಾದ್ರೂ ಬರುವ ವರ್ಷ ಅಂತ ಹೇಳ್ತಾರಾ? ಇಳಿಯುವಾಗ ಅವಳು ಆ ಎರಡು ಮಾತನ್ನು ಮೆಲ್ಲ ಬಾಯಿಯೊಳಗೇ ಹೇಳಿ ನೋಡಿದ್ಲು, ಬೆಲ್ಲದ ತುಂಡನ್ನು ಕೆನ್ನೆಯಲ್ಲಿ ಇಟ್ಟುಕೊಂಡ ಹಾಗೆ. ಹಿಂದಿನಿಂದ ಅಪ್ಪಚ್ಚ ಬರ್ತಾ ಇದ್ರು, ಬೇಟೆಯ ಕಥೆಯನ್ನು ಈಗಲೇ ಕಟ್ಟುತ್ತಾ. ಹಂದಿ ಆನೆಯಷ್ಟು ಆಗಿತ್ತು, ಗುಂಡಿಗೆ ಬೀಳುವ ಮೊದಲು ಅವರ ಹತ್ರ ಒಪ್ಪಿಗೆ ಕೇಳಿತ್ತು.

ಅಮ್ಮಚ್ಚಿ ಮಾಂಸ ನೋಡಿ ಎದೆಗೆ ಕುರಿಶು ಎಳೆದುಕೊಂಡ್ರು. ಕತ್ರೀನಾ ಎಲ್ಲ ಹೇಳಿದ್ಲು. ಪಾಲಿನದ್ದು ಹೇಳುವಾಗ ಅಮ್ಮಚ್ಚಿ ಉಪ್ಪಿನ ಮರದ ಮರಿಗೆ ಎಳೆದು ಮಾಂಸ ಸೀಳ್ಲಿಕ್ಕೆ ಕೂತ್ರು. ತಪ್ಪಿನದ್ದು ಹೇಳುವಾಗ ಮಾತ್ರ ಕತ್ತಿ ನಿಂತಿತು.

“ಇಡೀ ಊರಿಗೆ ಗಂಜಿಯಾ? ಅಷ್ಟು ದೊಡ್ಡ ಹಂಡೆ ನಮ್ಮಲ್ಲಿ ಎಲ್ಲಿ ಉಂಟು? ಅಕ್ಕಿ ಈಗಿಂದ ಎತ್ತಿಡ್ಬೇಕು. ಸೌದೆ ಮಳೆಗೆ ಮೊದಲೇ ಒಳಗೆ ಹಾಕ್ಬೇಕು. ನಿನ್ನ ಅಪ್ಪಚ್ಚನಿಗೆ ಗುಂಡಿ ತೋಡ್ಲಿಕ್ಕೆ ಬೇರೆ ದಿನ ಸಿಗ್ಲಿಲ್ವಾ, ನಾಶ ಹಿಡಿದ ಮನುಷ್ಯ!” ಊರಿಗೆ ಹಿಂದೆ ಹೋಗುವಾಗ ಬೇಕು ಅಂತ ಲಾರಿಯಿಂದ ಇಳಿಸಿದ ದಿನದಿಂದ ಮೂಲೆಯಲ್ಲೇ ಇಟ್ಟಿದ್ದ ತಾಮ್ರದ ದೊಡ್ಡ ಪಾತ್ರೆಯನ್ನು ಅಮ್ಮಚ್ಚಿ ಎಳೆದು ಹೊರಗೆ ತಂದ್ರು, ಒಳಗೆ ಕೈ ಹಾಕಿ ಆಳ ನೋಡಿದ್ರು, ಸಾಲದು ಅಂತ ತಲೆ ಆಡಿಸಿದ್ರು. ಮತ್ತೆ ಕತ್ರೀನಾಳಿಗೆ ಕೂಗಿ ಹೇಳಿದ್ರು:

“ಶೀಲಾವತಿಯ ಅಮ್ಮನ ಹತ್ರ ಹೋಗಿ ಕೇಳಿ ಬಾ. ಇಲ್ಲಿಯವರು ಗಂಜಿಗೆ ಎಂತ ಚಟ್ನಿ ಮಾಡುದು?”